ನಾಯಿಗೆ ನಿದ್ದೆ ಮಾತ್ರೆ ಕೊಟ್ಟು ವಿಮಾನ ಹತ್ತಿಸಬೇಡಿ

"ನಾಯಿಯನ್ನು ವಿದೇಶಕ್ಕೆ ಕರೆದೊಯ್ಯುವಾಗ ನಿದ್ದೆ ಮಾತ್ರೆ ಕೊಟ್ಟುಬಿಡಿ, ಇಳಿಯುವವರೆಗೂ ಆರಾಮಾಗಿ ಮಲಗಿರುತ್ತದೆ" ಎಂಬ ಸಲಹೆ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಇದು ತಪ್ಪು, ಅಪಾಯ ಕೂಡ.

ಮತ್ತಿನ ಔಷಧಿಯಿಂದ ರಕ್ತದೊತ್ತಡ ಇಳಿಯಬಹುದು, ಮೈ ಶಾಖ ಹಿಡಿತಕ್ಕೆ ಸಿಗದೇ ಹೋಗಬಹುದು. ವಿಮಾನ ವಾಲಿದಾಗ ಎಚ್ಚರವಿರುವ ನಾಯಿ ಕಾಲೂರಿ ಸಾವರಿಸಿಕೊಳ್ಳುತ್ತದೆ. ಮತ್ತಿನಲ್ಲಿರುವುದು ಬೋನಿನ ಗೋಡೆಗೆ ಹೋಗಿ ಬಡಿಯುತ್ತದೆ. ಪಗ್, ಬುಲ್‌ಡಾಗ್‌ನಂಥ ಚಪ್ಪಟೆ ಮೂತಿಯವಕ್ಕೆ ಮೊದಲೇ ಉಸಿರಾಟ ಕಷ್ಟ, ಅಲ್ವಾ? ಅವಕ್ಕೆ ಅಪಾಯ ಇನ್ನೂ ಜಾಸ್ತಿ. ಮಂಪರಿನಲ್ಲಿರುವ ನಾಯಿಯನ್ನು ಎಷ್ಟೋ ಏರ್‌ಲೈನ್ಸ್‌ನವರು ಹತ್ತಿಸಿಕೊಳ್ಳುವುದೇ ಇಲ್ಲ.

ಕೆಲವು ವಾರ ಮೊದಲೇ ಬೋನನ್ನು ಮನೆಯಲ್ಲಿ ಬಾಗಿಲು ತೆರೆದಿಟ್ಟು, ಊಟ ಅದರೊಳಗೇ ಹಾಕಿ. ನಿಧಾನವಾಗಿ ಒಗ್ಗಿಕೊಳ್ಳುತ್ತದೆ. ತೀರಾ ಗಾಬರಿಯಾಗುವ ನಾಯಿಯಾದರೆ ಪಶುವೈದ್ಯರನ್ನು ಕೇಳಿ, ವಾಟ್ಸಾಪ್ ಗ್ರೂಪನ್ನಲ್ಲ.