ಎತ್ತಿಬಿಡ್ತೀವಿ ಬಿಡ್ರಿ!

ಜಪಾನಿನ ಚಿಬಾದಲ್ಲಿ ನಮ್ಮ ಮನೆ ಹತ್ತಿರದ ಸ್ಟೇಷನ್ನಿಗೆ ವ್ಹೀಲ್‌ಚೇರ್‌ನವರು ಬಂದರೆ ಸಿಬ್ಬಂದಿಯೊಬ್ಬ ಮಡಚುವ ಹಲಗೆ ಹಿಡಿದು ಬರುತ್ತಾನೆ. ರೈಲಿಗೂ ಪ್ಲಾಟ್‌ಫಾರ್ಮಿಗೂ ನಡುವೆ ಹಾಸುತ್ತಾನೆ. ಕುರ್ಚಿ ಒಳಗೆ ಹೋಗುತ್ತದೆ. ಇಳಿಯುವ ಕಡೆ ಇನ್ನೊಬ್ಬ ಹಲಗೆ ಹಿಡಿದು ಕಾಯುತ್ತಿರುತ್ತಾನೆ. ಯಾರೂ ತಿರುಗಿ ನೋಡಲ್ಲ.

ಕಳೆದ ಸಲ ಕಲಬುರಗಿಗೆ ಬಂದಾಗ ಆ ಹಲಗೆ ಬಹಳ ನೆನಪಾಯಿತು. ಕಾಕಾನ ಮಗ ಎರಡು ವರ್ಷದಿಂದ ವ್ಹೀಲ್‌ಚೇರಲ್ಲಿದ್ದಾನೆ. ಮೊಬೈಲಲ್ಲಿ ಜಪಾನಿನ ವ್ಹೀಲ್‌ಚೇರ್ ಟೆನಿಸ್ ಆಟಗಾರ ಶಿಂಗೊ ಕುನಿಯೆಡಾ ಆಟ ನೋಡಿ ಹುಚ್ಚು ಹಚ್ಚಿಕೊಂಡಿದ್ದಾನೆ. 2023ರಲ್ಲಿ ನಮ್ಮೂರಲ್ಲೇ ಅಂತರರಾಷ್ಟ್ರೀಯ ಟೆನಿಸ್ ಒಕ್ಕೂಟದ (ಐಟಿಎಫ್) ಟೂರ್ನಿ ನಡೆದು ಭಾರತದ ಆಟಗಾರ ರಾಮಕುಮಾರ್ ರಾಮನಾಥನ್ ಗೆದ್ದಿದ್ದರಲ್ಲ, ಟೆನಿಸ್ ಊರಿಗೆ ಹೊಸದೇನಲ್ಲ. ಸರಿ, ಮನೆ ಹತ್ತಿರದ ಬೇರೊಂದು ಕೋರ್ಟಿಗೆ ಕರೆದುಕೊಂಡು ಹೋದೆ. ಗೇಟಿನಲ್ಲಿ ಮೂರು ಮೆಟ್ಟಿಲು.

ನಾನು ಏನು ಮಾಡೋದು ಅಂತ ನೋಡುವಷ್ಟರಲ್ಲಿ ಚಹಾ ಅಂಗಡಿಯಿಂದ ನಾಲ್ಕು ಮಂದಿ ಓಡಿ ಬಂದರು. "ಎತ್ತಿಬಿಡ್ತೀವಿ ಬಿಡ್ರಿ!" ಎತ್ತಿಯೂ ಬಿಟ್ಟರು. ಮೇಲೆ ಚಹಾ ಬೇರೆ ಕುಡಿಸಿದರು. ಜಪಾನಿನಲ್ಲಿ ಇಷ್ಟು ವರ್ಷದಲ್ಲಿ ಗುರುತಿಲ್ಲದವರು ನನಗೆ ಒಂದು ಕಪ್ ಚಹಾ ಕುಡಿಸಿಲ್ಲ, ಅದನ್ನೂ ಹೇಳಲೇಬೇಕು.

ಆದರೆ ಕುರ್ಚಿ ಗಾಳಿಯಲ್ಲಿ ಓರೆಯಾದಾಗ ನನ್ನ ಈ ತಮ್ಮ ಎರಡೂ ಗಾಲಿಗಳನ್ನು ಬಿಗಿಯಾಗಿ ಹಿಡಿದಿದ್ದ. ವಾಪಸ್ ಬರುವಾಗ ಕೇಳಿದ, "ಅಣ್ಣಾ, ದಿನಾ ಯಾರಿಗೆ ಕರೀಲಿ?"

ಈ ಆಟದಲ್ಲಿ ಎಲ್ಲ ಇರೋದು ಆ 'ದಿನಾ'ದಲ್ಲೇ. ಕುನಿಯೆಡಾ ಅವರಿಗೆ 9ನೇ ವಯಸ್ಸಿನಲ್ಲಿ ಬೆನ್ನುಹುರಿಯಲ್ಲಿ ಗೆಡ್ಡೆಯಾಯಿತು. 11ಕ್ಕೆ ಟೆನಿಸ್ ಶುರು ಮಾಡಿದರು, ಅದೂ ಇದೇ ಚಿಬಾದಲ್ಲಿ. 2009ರಲ್ಲಿ ವೃತ್ತಿಪರ ಆಟಗಾರರಾದರು. ಸಿಂಗಲ್ಸ್ 28, ಡಬಲ್ಸ್ 22, ಒಟ್ಟು 50 ಗ್ರ್ಯಾಂಡ್‌ಸ್ಲ್ಯಾಮ್. ಕೈಗೆ ಸಿಗದೆ ಉಳಿದಿದ್ದ ವಿಂಬಲ್ಡನ್ ಸಿಂಗಲ್ಸ್ 2022ರಲ್ಲಿ ಸಿಕ್ಕಿತು. ಮರುವರ್ಷ ಜನವರಿಯಲ್ಲಿ ನಂಬರ್ ಒನ್ ಆಗಿದ್ದಾಗಲೇ ಆಟ ಬಿಟ್ಟರು. ಪ್ರತಿಭೆ ಇತ್ತು, ಒಪ್ಪೋಣ. ಕೋರ್ಟಿಗೆ ಹೋಗಲು ನಾಲ್ಕು ಜನರನ್ನು ಹುಡುಕುವ ಕೆಲಸ ಮಾತ್ರ ಇರಲಿಲ್ಲ.

ತಮಾಷೆ ಅಂದರೆ, ವ್ಹೀಲ್‌ಚೇರ್ ಟೆನಿಸ್‌ಗೆ ಬೇರೆ ಕೋರ್ಟೇ ಬೇಡ. ಅದೇ ನೆಟ್, ಅದೇ ಗೆರೆ, ಅದೇ ಚೆಂಡು. ಚೆಂಡು ಎರಡು ಸಲ ಪುಟಿಯಬಹುದು, ಎರಡನೇ ಪುಟಿತ ಗೆರೆಯಾಚೆ ಬಿದ್ದರೂ ನಡೆಯುತ್ತದೆ. ಗಾಲಿ ಓರೆಯಾಗಿರುವ ಆಟದ ಕುರ್ಚಿಗೆ ಲಕ್ಷಗಟ್ಟಲೆ ಬೇಕು, ಅದು ಆಮೇಲಿನ ಮಾತು. ಸದ್ಯಕ್ಕೆ ಬದಲಾಗಬೇಕಾದದ್ದು ಗೇಟು ಮಾತ್ರ.

ನಮ್ಮ ಗೌಂಡಿಯನ್ನು ಕರೆದು ತೋರಿಸಿದೆ. ಒಂದಡಿ ಎತ್ತರಕ್ಕೆ ಹನ್ನೆರಡಡಿ ಇಳಿಜಾರು ಬೇಕು, ಅರ್ಧರ್ಧ ಅಡಿಯ ಮೂರು ಮೆಟ್ಟಿಲಿಗೆ ಹದಿನೆಂಟಡಿ. ಅವರು ಹೆಜ್ಜೆ ಹಾಕಿ ಅಳೆದರು. "ಜಾಗ ಅದ. ಶಹಾಬಾದ್ ಕಲ್ಲು ನುಣ್ಣಗಿರ್ತದ, ಮಳ್ಯಾಗ ಜಾರ್ತದ. ಕಾಂಕ್ರೀಟೇ ಹಾಕೂಣು. ಎರಡ್ ದಿನದ ಕೆಲಸ."

ಆ ಇಳಿಜಾರಿಗೆ ಅರ್ಜಿ ಕೊಟ್ಟು ನಾಲ್ಕು ತಿಂಗಳಾಯಿತು. ಕುನಿಯೆಡಾ ರ್ಯಾಕೆಟ್ ಮೇಲೆ 'ನಾನೇ ಎಲ್ಲರಿಗಿಂತ ಬಲಶಾಲಿ' ಅಂತ ಚೀಟಿ ಅಂಟಿಸಿಕೊಳ್ಳುತ್ತಿದ್ದರು. ತಮ್ಮನೂ ಒಂದು ಅಂಟಿಸಿಕೊಂಡಿದ್ದಾನೆ: 'ನಾನೇ ಗಟ್ಟಿ'. ಸದ್ಯ ಅಂಗಳದ ಗೋಡೆಗೆ ಹೊಡೆಯುತ್ತಿದ್ದಾನೆ. ಸುಣ್ಣ ಉದುರ್ತಿದೆ ಅಂತ ಕಾಕುನ ತಕರಾರು.