ಹಿಂದಿನ ಮೇಸ್ತ್ರಿ

ಲಾರಿಯ ಹಿಂದಿನ ಆಕ್ಸೆಲ್ಲಿಗೆ ನಾಲ್ಕು ಟೈರುಗಳಿದ್ದರೆ ಅದು ಹೊರಬಹುದಾದ ಭಾರವನ್ನು ಕೇಂದ್ರ ಸರ್ಕಾರ 2018ರಲ್ಲಿ 10.2 ಟನ್ನಿನಿಂದ 11.5 ಟನ್ನಿಗೆ ಏರಿಸಿತು. ಆ ಆದೇಶದ ಪ್ರತಿಯನ್ನು ಬೋಲ್ಟುಗಳಿಗೆ ಯಾರೂ ಕಳುಹಿಸಿಲ್ಲವೆಂಬುದು ನಿನ್ನೆ ಖಾತ್ರಿಯಾಯಿತು. ನಾಮಕ್ಕಲ್ಲಿನ ಕೋಳಿಗಳಿಗೆಂದು ಮೆಕ್ಕೆಜೋಳ ತುಂಬಿಕೊಂಡು ದಾವಣಗೆರೆಯಿಂದ ಹೊರಟಿದ್ದ ನಮ್ಮ ಲಾರಿ, ಚಕ್ರ ತಿರುಗಿಸುವ ಆಕ್ಸೆಲ್ ಶಾಫ್ಟನ್ನು ಚಕ್ರದ ನಡುವಿನ ಹಬ್ಬಿಗೆ ಹಿಡಿದಿಡುವ ಬೆರಳುದ್ದದ ಬೋಲ್ಟೊಂದು ಒಳಗೇ ಮುರಿದುಕೊಂಡಿದ್ದರಿಂದ ಬೈಪಾಸಿನ ಗ್ಯಾರೇಜು ಸೇರಿತು.

ನ್ಯಾಯವಾಗಿ ಹೇಳಬೇಕೆಂದರೆ, ಭಾರ ಹೊರುವುದು ಹಬ್ಬಿನ ಬೇರಿಂಗೇ ಹೊರತು ಈ ಬೋಲ್ಟಲ್ಲ. ಆದ್ದರಿಂದಲೇ ಚಕ್ರ ಬಿಚ್ಚದೆ, ಜಾಕ್ ಕೊಡದೆ ಶಾಫ್ಟನ್ನು ಹೊರಗೆಳೆಯಬಹುದು. ಬೋಲ್ಟಿನ ಪಾಲಿಗೆ ಬರುವುದು ತಿರುಗಿಸುವ ಬಲ. ಸಡಿಲವಿದ್ದರೆ ಅದು ಏಟು ತಿಂದು ಮುರಿಯುತ್ತದೆ, ಮಿತಿಮೀರಿ ಬಿಗಿದರೆ ಹಿಗ್ಗಿ, ಕತ್ತು ಸಣ್ಣಗಾಗಿ ಮುರಿಯುತ್ತದೆ. ನಮ್ಮದರ ಕತ್ತು ಪೆನ್ಸಿಲ್ಲಿನಷ್ಟಾಗಿತ್ತು.

ಮೇಸ್ತ್ರಿಯವರು ಆ ತುಂಡನ್ನು ಬೆಳಕಿಗೆ ಹಿಡಿದು, "ಯಾವ ಪುಣ್ಯಾತ್ಮನ್ರೀ ಇದನ್ನ ಟೈಟ್ ಮಾಡಿದ್ದು?" ಎಂದರು. ಹೋದ ಮಳೆಗಾಲದಲ್ಲಿ ಅದನ್ನು ಬಿಗಿದ ಪುಣ್ಯಾತ್ಮರು ಅವರೇ. ಅವರದೇ ಕೈಬರಹದ ಚೀಟಿ ನಮ್ಮ ಕ್ಯಾಬಿನ್ನಿನಲ್ಲಿದೆ. ಆದರೆ ಲೋಡು ತುಂಬಿದ ಲಾರಿಯ ಶಾಫ್ಟನ್ನು ಬಿಚ್ಚಿ ಗೋಣಿಚೀಲದ ಮೇಲೆ ಮಲಗಿಸಿರುವ ಮನುಷ್ಯನಿಗೆ ಚೀಟಿ ತೋರಿಸುವ ಧೈರ್ಯ ಯಾವ ಮಾಲೀಕನಿಗಿದೆ?

ಮೊದಲು ಸೀಮೆಎಣ್ಣೆ ಬಿಟ್ಟು ಕಾದರು, ಬೈದರು. ಉಳಿಯನ್ನು ಓರೆಯಾಗಿಟ್ಟು ಎಡಕ್ಕೆ ತಿರುಗುವಂತೆ ಸುತ್ತಿಗೆಯಿಂದ ತಟ್ಟಿದರು. ಅದು ಕದಲದಿದ್ದಾಗ "ಅವನಿಗೆ ಕೆಲಸ ಕಲಿಸಿದ ಗುರು ಯಾರೋ" ಎಂದರು. ಗುರುವಿನ ಫೋಟೋ ಹಾರ ಹಾಕಿಸಿಕೊಂಡು ಅವರ ತಲೆಯ ಮೇಲಿನ ಗೋಡೆಯಲ್ಲೇ ಇತ್ತು. ಡ್ರಿಲ್ ಹೊಡೆದು, ಎಡಮರೆಯ, ಅಂದರೆ ಎಡಸುತ್ತಿನ ತಿರುಪಿರುವ, ತುಂಡು ಕೀಳುವ ಈಜಿ ಔಟ್ ಹಾಕಿ ತಿರುಗಿಸಿದಾಗ ಅದೂ ಒಳಗೇ ಮುರಿಯಿತು. ಅದರ ಉಕ್ಕು ಡ್ರಿಲ್ಲಿಗೂ ಬಗ್ಗುವಂಥದ್ದಲ್ಲ. ಅಲ್ಲಿಂದ ಮುಂದೆ ಹಿಂದಿನ ಮೇಸ್ತ್ರಿಯ ವಂಶವೃಕ್ಷವೇ ವಿಚಾರಣೆಗೆ ಬಂತು. ಪಾನಾ ಕೊಡುತ್ತಿದ್ದ ಹುಡುಗ ನಗು ತಡೆಯಲಾರದೆ ಡೀಸೆಲ್ ಟ್ಯಾಂಕಿನ ಹಿಂದೆ ಹೋಗಿ ಕೆಮ್ಮಿ ಬಂದ. ಇತ್ತ ಲೋಡಿನ ಪಾರ್ಟಿ ಫೋನಿನಲ್ಲಿ ನನ್ನನ್ನು ಬೈಯುತ್ತಿದ್ದ. ಅವನಿಗಾದರೂ ಯಾರನ್ನು ಬೈಯುತ್ತಿದ್ದೇನೆಂಬುದು ಗೊತ್ತಿತ್ತು.

ಕೊನೆಗೆ ಬ್ಯಾಟರಿಯ ವೈರು ಬಿಚ್ಚಿ, ಮುರಿದ ತುಂಡಿನ ತಲೆಗೆ ನಟ್ಟೊಂದನ್ನು ವೆಲ್ಡ್ ಮಾಡುವುದೆಂದಾಯಿತು. ಕಾದು ಹಿಗ್ಗಿದ ಬೋಲ್ಟು ಆರುವಾಗ ಕುಗ್ಗಿ, ತುಕ್ಕಿನ ಹಿಡಿತ ಬಿಡುತ್ತದೆ. ನಟ್ಟನ್ನು ನಡುವಿಗೆ ಸರಿಯಾಗಿ ಕೂರಿಸಲು ಮೇಸ್ತ್ರಿಯವರು ಬಹಳ ಹೊತ್ತು ಕಣ್ಣು ಕಿರಿದು ಮಾಡಿ ನೋಡಿ, ಮಾತಿಲ್ಲದೆ ಹೋಲ್ಡರನ್ನು ಹುಡುಗನ ಕೈಗೆ ಕೊಟ್ಟರು. ಎಂಜಿನ್ನಿನ ಸದ್ದು ಕೇಳಿಯೇ ಯಾವ ಸಿಲಿಂಡರು ಕೆಟ್ಟಿದೆಯೆಂದು ಹೇಳುತ್ತಿದ್ದ ಮನುಷ್ಯ ಅವರು. ನನ್ನ ಸಿಟ್ಟು ಅರ್ಧ ಅಲ್ಲಿಯೇ ಇಳಿಯಿತು.

ಬೋಲ್ಟು ಕಿರ್ ಎಂದು ತಿರುಗಿ ಹೊರಬಂದೊಡನೆ ಅವರಿಗೆ ದನಿ ಮರಳಿತು. ತೂತಿನ ಮರೆಯನ್ನು ಸರಿಪಡಿಸುವ ಟ್ಯಾಪ್ ಹಾಯಿಸಿ ಹೊಸ ಬೋಲ್ಟುಗಳನ್ನು ಹಾಕಿಸಿದರು. ಬಿಗಿಯುವ ಕೆಲಸವನ್ನು ಮಾತ್ರ ಹುಡುಗನಿಗೆ ಬಿಡಲಿಲ್ಲ. ಬಿಗಿಯುವ ಬಲವನ್ನು ಅಳೆಯುವ ಟಾರ್ಕ್ ರೆಂಚು ಪ್ಲಾಸ್ಟಿಕ್ ಹೊದಿಕೆಯ ಸಮೇತ ಪೆಟ್ಟಿಗೆಯಲ್ಲೇ ಮಲಗಿರಲು, ಪಾನಾದ ಹಿಡಿಗೆ ಮಾರುದ್ದದ ಪೈಪು ಸಿಕ್ಕಿಸಿ, ಅದರ ತುದಿಗೆ ಎರಡೂ ಕಾಲೆತ್ತಿ ಜೋತುಬಿದ್ದು ಹೇಳಿದರು: "ಬಿಡಿ ಓನರ್ರೇ, ಇನ್ನು ಯಾರಪ್ಪ ಬಂದ್ರೂ ಬಿಚ್ಚೋಕಾಗಲ್ಲ!"