ಹೈಡಿನಲ್ಲಿ ಕೂತವರ ಸೊಂಟ

ಹಕ್ಕಿ ಫೋಟೊ ತೆಗೆಯುವವರು ನಾಲ್ಕು ಜನ ಸೇರಿದರೆ ಮಾತೆಲ್ಲ ಲೆನ್ಸಿನದೇ. ಎಷ್ಟು ಎಂಎಂ, ಎಷ್ಟು ತೂಕ, ಎಷ್ಟು ರೇಟು. ಕೂರುವುದರ ಬಗ್ಗೆ ಮಾತ್ರ ಯಾರೂ ಬಾಯಿ ಬಿಡುವುದಿಲ್ಲ. ಹಕ್ಕಿಗೆ ಕಾಣದಂತೆ ಅಡಗಿ ಕೂರುವ, ಹೈಡ್ ಅನ್ನುವ ಆ ಪುಟ್ಟ ಟೆಂಟಿನೊಳಗೆ ಮೂರ್ನಾಲ್ಕು ತಾಸು ಕುಕ್ಕರಿಸಿ ಹೊರಗೆ ಬಂದವರ ನಡಿಗೆಯನ್ನೊಮ್ಮೆ ನೋಡಬೇಕು. ಸೊಂಟ ಒಂದು ಕಡೆ, ಕಾಲು ಇನ್ನೊಂದು ಕಡೆ.

ಸುಖವಾಗಿ ಕೂರುವುದು ಸೋಮಾರಿಗಳ ಕೆಲಸ ಅಂತ ತುಂಬ ಜನ ತಿಳಿದಿದ್ದಾರೆ. ನಾನು ಒಪ್ಪುವುದಿಲ್ಲ. ಹಲ್ಲು ಕಚ್ಚಿ ಕೂತೆ ಅಂತ ಬೀಗುವವರೇ ಒಳಗೆ ಜಾಸ್ತಿ ಮಿಸುಕಾಡುವುದು. ಹಕ್ಕಿಗೇನು ನಿಮ್ಮ ತಾಳ್ಮೆ ಕಾಣುತ್ತದಾ? ಅದಕ್ಕೆ ಕಾಣುವುದು ಬಟ್ಟೆ ಅಲ್ಲಾಡಿದ್ದು, ಲೆನ್ಸಿನ ಮೂತಿ ಸರಕ್ಕನೆ ತಿರುಗಿದ್ದು, ಅಷ್ಟೇ.

1900ರ ಸುಮಾರಿಗೆ ಇಂಗ್ಲೆಂಡಿನ ರಿಚರ್ಡ್ ಮತ್ತು ಚೆರಿ ಕೀರ್ಟನ್ ಎಂಬ ಅಣ್ಣತಮ್ಮಂದಿರು ಹಕ್ಕಿಗಳ ಫೋಟೊಗಾಗಿ ಎತ್ತಿನ ಚರ್ಮದಿಂದ ಟೊಳ್ಳು ಎತ್ತೊಂದನ್ನು ಮಾಡಿಸಿ, ಅದರ ಹೊಟ್ಟೆಯೊಳಗೆ ಕ್ಯಾಮೆರಾ ಸಮೇತ ನುಗ್ಗುತ್ತಿದ್ದರಂತೆ. ಅವರ ಸೊಂಟ ನೆನೆದರೆ ನಮ್ಮ ಟೆಂಟು ಅರಮನೆ.

ಎಲ್ಲ ಕಷ್ಟದ ಮೂಲ ಸ್ಟೂಲು. ಮಡಚಿ ಚೀಲಕ್ಕೆ ಹಾಕಿಕೊಳ್ಳುವ ಮೂರು ಕಾಲಿನ ಸ್ಟೂಲು ನೋಡಲು ಚೆಂದ, ಹೊರಲು ಹಗುರ. ಕೂತ ಸ್ವಲ್ಪ ಹೊತ್ತಿಗೇ ಅದರ ಅಂಚು ತೊಡೆಯ ಹಿಂಭಾಗವನ್ನು ಒತ್ತತೊಡಗುತ್ತದೆ. ನರ ಅದುಮಿ, ಮೊದಲು ಹೆಬ್ಬೆರಳು ಚುಳುಚುಳು ಅನ್ನುತ್ತದೆ, ಆಮೇಲೆ ಪಾದಕ್ಕೆ ಜೋಮು ಹಿಡಿಯುತ್ತದೆ. ಸರಿಯಾಗಿ ಆಗಲೇ ಹಕ್ಕಿ ಬಂದು ಕೊಂಬೆಯ ಮೇಲೆ ಕೂರುತ್ತದೆ. ಒಂದಿಂಚು ಕಾಲು ಸರಿಸಿದರೂ ಅಡಿಯ ಒಣ ಎಲೆ ಚರಕ್ ಅನ್ನುತ್ತದೆ. ಹಕ್ಕಿ ಬುರ್ ಅಂತ ಹಾರುತ್ತದೆ, ಕಾಲು ಮಾತ್ರ ಇನ್ನೂ ನಮ್ಮದಲ್ಲ. ಅದಕ್ಕೇ ಪಾದ ನೆಲದ ಮೇಲೆ ಪೂರ್ತಿ ಊರುವಂಥ, ಬೆನ್ನಿಗೆ ಆಸರೆ ಇರುವ ಕುರ್ಚಿಯೇ ವಾಸಿ. ಹೊರುವಾಗ ಬೈದುಕೊಳ್ಳಿ, ಕೂತ ಮೇಲೆ ಹರಸುತ್ತೀರಿ. ಒಣ ಎಲೆ, ಕಡ್ಡಿಗಳನ್ನು ಕೂರುವ ಮೊದಲೇ ಗುಡಿಸಿ ಬರಿ ಮಣ್ಣು ಮಾಡಿಕೊಂಡರೆ ಇನ್ನೂ ಒಳ್ಳೆಯದು.

ಇನ್ನೊಂದು ತಾಪತ್ರಯ ಲೆನ್ಸು ಹೊರಚಾಚುವ ಟೆಂಟಿನ ಕಿಟಕಿಯದು. ಮೊದಲು ಟೆಂಟು ನಿಲ್ಲಿಸಿ, ಟ್ರೈಪಾಡ್ ಇಟ್ಟು, ಉಳಿದ ಮೂಲೆಯಲ್ಲಿ ತಾವು ತುರುಕಿಕೊಳ್ಳುವವರೇ ಹೆಚ್ಚು. ಆಮೇಲೆ ಇಡೀ ಹೊತ್ತು ಕತ್ತು ಬಗ್ಗಿಸಿಕೊಂಡಿರಬೇಕು. ಮೊದಲು ಆರಾಮಾಗಿ ಕೂತು ನೋಡಿ, ಕಣ್ಣು ಎಲ್ಲಿ ಬರುತ್ತದೋ ಅಲ್ಲಿಗೆ ಕ್ಯಾಮೆರಾ ಹೊಂದಿಸಿಕೊಳ್ಳುವುದೇ ಸರಿಯಾದ ಕ್ರಮ. ನೀರಹಕ್ಕಿಗಳ ವಿಷಯದಲ್ಲಿ ಮಾತ್ರ ಈ ಉಪದೇಶ ನಡೆಯುವುದಿಲ್ಲ. ಅವುಗಳ ಕಣ್ಣಿನ ಮಟ್ಟಕ್ಕೆ ಇಳಿದರೇ ಚಿತ್ರ ಚೆಂದ, ಹಾಗಾಗಿ ಬೋರಲು ಮಲಗಬೇಕು, ಮೊಣಕೈ ತರಚಬೇಕು. ಅಡಿಗೆ ದಪ್ಪ ಫೋಮ್ ಚಾಪೆ ಹಾಸಿಕೊಳ್ಳಿ. ಒದ್ದೆ ನೆಲ ಮೈಶಾಖವನ್ನು ಸದ್ದಿಲ್ಲದೆ ಎಳೆದುಕೊಂಡುಬಿಡುತ್ತದೆ.

ಸೆಖೆಯ ಕತೆ ಬೇರೆ. ಬಿಸಿಲೇರಿದರೆ ಒಳಗೆ ಬೇಯುತ್ತದೆ, ಗಾಳಿಗೆ ಅಂತ ಹಿಂದಿನ ಕಿಟಕಿ ತೆರೆದರೆ ಬೆನ್ನ ಹಿಂದಿನ ಬೆಳಕಿಗೆ ನಮ್ಮ ತಲೆಯ ಆಕಾರ ಹೊರಗಿನವರಿಗೆಲ್ಲ ಎದ್ದು ಕಾಣುತ್ತದೆ. ಮಧ್ಯಾಹ್ನ ಎಲ್ಲಿ ನೆರಳು ಬೀಳುತ್ತದೆ ಅಂತ ಬೆಳಿಗ್ಗೆಯೇ ಲೆಕ್ಕ ಹಾಕಿ ಟೆಂಟು ಹಾಕಿದರೆ ಬಚಾವು. ಸೊಳ್ಳೆಗೆ ತುಂಬು ತೋಳಿನ ಬಟ್ಟೆಯೇ ಗತಿ. ಪಟ್ ಅಂತ ಹೊಡೆಯುವ ಹಾಗಿಲ್ಲವಲ್ಲ!

ಇನ್ನು ನೀರು. ಕುಡಿಯದಿದ್ದರೆ ಗಂಟಲು ಕೆರೆದು ಕೆಮ್ಮು, ಕುಡಿದರೆ ಇನ್ನೊಂದು ಅವಸರ. ಗುಟುಕು ಗುಟುಕಾಗಿ ಕುಡಿಯಬೇಕು ಅಂತಾರೆ, ಆದರೂ ಒಂದು ಹೊತ್ತಲ್ಲಿ ಏಳಲೇಬೇಕಾಗುತ್ತದೆ. ಆದರೆ ಸುಮ್ನೆ ಎದ್ದು ಬರುವಂತಿಲ್ಲ. ಹೈಡಿನೊಳಗೆ ಹೋಗುವಾಗ ಗೆಳೆಯರೊಬ್ಬರನ್ನು ಜೊತೆಗೆ ಕರೆದೊಯ್ದು, ಅವರನ್ನು ಹಕ್ಕಿಗೆ ಕಾಣುವಂತೆ ವಾಪಸ್ ಕಳಿಸುವುದು ಹಳೆಯ ಉಪಾಯ. ಬಂದವರು ಹೋದರು ಅಂತ ಹಕ್ಕಿ ಎಷ್ಟೋ ಸಲ ನಿರಾಳವಾಗುತ್ತದೆ. ಹೊರಬರುವಾಗಲೂ ಅವರೇ ಬಂದು ಕರೆದೊಯ್ಯಬೇಕು, ಇಲ್ಲದಿದ್ದರೆ ಗುಟ್ಟು ರಟ್ಟು. ಆದ್ದರಿಂದ ಗೆಳೆಯರನ್ನು ಆರಿಸುವಾಗ ಹುಷಾರು. ಹೇಳಿದ ಹೊತ್ತಿಗೆ ಬಾರದೆ ಎಲ್ಲೋ ಹರಟೆ ಹೊಡೆಯುತ್ತ ನಿಲ್ಲುವವರಾದರೆ, ಆಮೇಲೆ ನೀವು ಯಾವ ಕುರ್ಚಿ ತಂದಿದ್ದೀರಿ ಅನ್ನುವುದು ಮುಖ್ಯವೇ ಆಗುವುದಿಲ್ಲ.